ಎಣ್ಣೆ ಬೀಳಬಾರದ ನೆಲ

ನೆಲವನ್ನು ನಾವು ನೋಡುವುದು ಅದರ ಮೇಲೆ ಏನಾದರೂ ಬಿದ್ದಾಗ ಮಾತ್ರ. ಗೋಡೆಗೆ ಬಣ್ಣ ಬಳಿಯುತ್ತೇವೆ, ಪಟ ತೂಗುಹಾಕುತ್ತೇವೆ. ಮಾಡಿನ ಕಡೆಗೂ ಮಳೆಗಾಲಕ್ಕೆ ಮುಂಚೆ ಒಮ್ಮೆ ಕತ್ತೆತ್ತಿ ನೋಡುತ್ತೇವೆ. ನೆಲ ಮಾತ್ರ ತನ್ನ ಪಾಡಿಗೆ ತಾನು ಕಾಲ ಕೆಳಗೆ ಬಿದ್ದಿರುತ್ತದೆ. ನಾನೂ ಹಾಗೇ ಇದ್ದವಳು. ಅಂಕೋಲೆಯ ಶಾಲೆಗಳಲ್ಲಿ ‘ಅಕ್ಕೋರು’ ಆಗಿ ಸರ್ವಿಸ್ ಪೂರ್ತಿ ಮಕ್ಕಳಿಗೆ ‘ನೆಲ ನೋಡಿ ನಡೀರಿ’ ಎಂದು ಕೂಗಿದ್ದು ಬಿಟ್ಟರೆ ನೆಲಕ್ಕೂ ನನಗೂ ಬೇರೆ ಸಂಬಂಧವಿರಲಿಲ್ಲ. ನಿವೃತ್ತಿಯಾದ ಮೇಲೆ ಒಂದು ನೆಲದ ಹುಚ್ಚು ಹಿಡಿಯಿತು. ನಗಿಸಲಿಕ್ಕೆ ಹೇಳುತ್ತಿಲ್ಲ. ನಮ್ಮ ಮನೆಯವರು ಅದನ್ನು ಹುಚ್ಚು ಎಂದೇ ಕರೆದರು, ಮತ್ತು ಅವರು ಜಗಳದಲ್ಲೂ ಸುಳ್ಳು ಹೇಳುವವರಲ್ಲ.

ಹುಚ್ಚಿನ ಮೂಲ ಈಶಾಡ ಮಾವು. ನಮ್ಮ ಕಡೆಯ ಈ ಹಣ್ಣು ತಿಂದವರಿಗೆ ಬೇರೆ ಮಾವಿನ ಹೆಸರು ಹೇಳಿದರೆ ಅವರು ಸೌಜನ್ಯಕ್ಕೆ ತಲೆಯಾಡಿಸುತ್ತಾರೆ, ಅಷ್ಟೆ. ಅದರ ರಸ ತೆಗೆದು ಡಬ್ಬಿಯಲ್ಲಿ ತುಂಬುವ ಸಣ್ಣ ಘಟಕವೊಂದನ್ನು ಮಾಡೋಣ, ಕೇರಿಯ ನಾಲ್ಕಾರು ಹೆಂಗಸರಿಗೂ ಕೆಲಸವಾಗುತ್ತದೆ ಎಂದು ನಾನು ಮನೆಯ ಪಕ್ಕದ ಹಳೆಯ ಶೆಡ್ಡನ್ನು ಖಾಲಿ ಮಾಡಿಸಿದೆ. ಲೈಸೆನ್ಸಿನವರು ಬಂದು ಎಲ್ಲ ನೋಡಿ, ಕೊನೆಗೆ ಕೆಳಗೆ ನೋಡಿದರು. ಮಾವಿನ ರಸದ ಹುಳಿ ಬರಿಯ ಕಾಂಕ್ರೀಟನ್ನು ತಿಂದು ಪುಡಿ ಮಾಡುತ್ತದೆ, ಬಿರುಕಿನಲ್ಲಿ ಹುಳ ಆಗುತ್ತದೆ, ಎಪಾಕ್ಸಿ ಎಂಬ ಗಟ್ಟಿ ರಾಳದ ಬಣ್ಣ ಹಾಕಿಸಿದರೆ ಮಾತ್ರ ಒಪ್ಪಿಗೆ ಎಂದರು. ಹಣ್ಣಿನ ಸುಗ್ಗಿಯೊಳಗೆ ನೆಲ ಆಗಬೇಕು. ಆಗದಿದ್ದರೆ ಆ ವರ್ಷದ ಹಣ್ಣು ಹೋಯಿತು, ಹೆಂಗಸರ ಕೆಲಸವೂ ಹೋಯಿತು. ಮಾವು ಯಾರ ಒಪ್ಪಿಗೆಗೂ ಕಾಯುವುದಿಲ್ಲ.

ಶಿರವಾಡದ ಸುಹಾಸ ಎಂಬ ಹುಡುಗ ಮಲ್ಲಾಪುರದ ಕಡೆಯೆಲ್ಲ ಇಂಥ ನೆಲ ಹಾಕುವ ಕಂಟ್ರಾಕ್ಟರು. ಅವನು ಬಂದವನೇ ಗುಡಿಸಿ ಬಳಿದುಬಿಡುವ ಹುಮ್ಮಸ್ಸಿನಲ್ಲಿದ್ದ. ಅಷ್ಟರಲ್ಲಿ ನಾನು ಮೊಬೈಲಿನಲ್ಲಿ ನೆಲದ ವಿಡಿಯೊಗಳನ್ನು ನೋಡಿ ನೋಡಿ ಪಂಡಿತಳಾಗಿದ್ದೆ. ‘ಬಣ್ಣ ಹಿಡಿಯುವುದು ಬಣ್ಣದಿಂದಲ್ಲ, ನೆಲದ ತಯಾರಿಯಿಂದ’ ಎಂದು ಅವನನ್ನು ಎದುರಿಗೆ ನಿಲ್ಲಿಸಿಕೊಂಡು ಪಾಠ ಮಾಡಿದೆ. ಮೇಲಿನ ಸಡಿಲ ಸಿಮೆಂಟಿನ ಪದರ ಹೋಗಬೇಕು, ಬಿರುಕು ತುಂಬಬೇಕು, ಧೂಳಿನ ಕಣ ಉಳಿಯಬಾರದು, ಎಣ್ಣೆ ಇರಬಾರದು, ನೀರಿನ ಪಸೆ ಇರಲೇಬಾರದು. ಸುಹಾಸ ಉಜ್ಜುವ ಮಷಿನ್ ತಂದು ಉಜ್ಜಿದ. ಧೂಳಿಗೆ ನಮ್ಮ ತುಳಸಿ ಬೆಳ್ಳಗಾಯಿತು, ಮನೆಯವರ ಮೀಸೆ ಮೊದಲೇ ಬೆಳ್ಳಗಿದ್ದುದರಿಂದ ಗೊತ್ತಾಗಲಿಲ್ಲ. ಆ ಶೆಡ್ಡಿನಲ್ಲಿ ನನ್ನ ಮಾವನವರ ಕಾಲದಿಂದ ಕೊಬ್ಬರಿ ಇಡುತ್ತಿದ್ದರು. ನೆಲ ಅಷ್ಟೂ ವರ್ಷ ಎಣ್ಣೆ ಕುಡಿದಿತ್ತು. ಸೋಡಾ ಹಾಕಿ ತಿಕ್ಕಿಸಿದೆ, ಒಣಗಿಸಿದೆ, ಹನಿ ನೀರು ಬಿಟ್ಟು ನೋಡಿದೆ. ನೀರು ಇಂಗಿದರೆ ಎಣ್ಣೆ ಹೋಗಿದೆ, ಮುತ್ತಿನಂತೆ ನಿಂತರೆ ಇನ್ನೂ ಇದೆ. ನಿಂತಿತು. ಮತ್ತೆ ತಿಕ್ಕಿಸಿದೆ. ಆಮೇಲೆ ಪ್ಲಾಸ್ಟಿಕ್ ಹಾಳೆಯನ್ನು ಟೇಪು ಹಚ್ಚಿ ನೆಲಕ್ಕೆ ಅಂಟಿಸಿ, ಮರುದಿನ ಅಡಿಯಲ್ಲಿ ಬೆವರು ಕಟ್ಟಿದೆಯೇ ಎಂದು ಮಂಡಿಯೂರಿ ನೋಡತೊಡಗಿದೆ. ಕಟ್ಟಿರುತ್ತಿತ್ತು. “ಈ ಊರಲ್ಲಿ ಉಪ್ಪಿನ ಡಬ್ಬಿಯೇ ಬೆವರ್ತದೆ. ನೆಲ ಬೆವರುದಿಲ್ವಾ?” ಎಂದರು ಮನೆಯವರು. ನಾನು ಹಾಳೆ ಬದಲಿಸಿದೆ.

ಶೆಡ್ಡಿನ ಬಾಗಿಲಲ್ಲಿ ಹಗ್ಗ ಕಟ್ಟಿ, ಒದ್ದೆ ಕಾಲಿನವರಿಗೂ ಎಣ್ಣೆ ತಲೆಯವರಿಗೂ ಪ್ರವೇಶವಿಲ್ಲ ಎಂದು ಕೇರಿಗೆಲ್ಲ ಸಾರಿದೆ. ಪಕ್ಕದ ಮನೆಯ ಬೊಮ್ಮಯ್ಯನಿಗೆ ಇದು ದೊಡ್ಡ ವಿನೋದವಾಯಿತು. ಅವನು ದೋಣಿಯ ಕೆಲಸ ಬಿಟ್ಟು ವಯಸ್ಸಾದ ಮೇಲೆ ಸುಮ್ಮನೆ ಕೂರಲಾರದೆ ಯಾರ ಮನೆಯಲ್ಲಿ ಏನು ನಡೆದರೂ ಮೇಲ್ವಿಚಾರಣೆಗೆ ಹೋಗುತ್ತಿದ್ದ ಮನುಷ್ಯ. ಒಮ್ಮೆ ಬಾವಿಕಟ್ಟೆಯಿಂದ ನೇರ ಒಳಗೆ ಬಂದು ಒದ್ದೆ ಹೆಜ್ಜೆ ಮೂಡಿಸಿದ್ದಕ್ಕೆ ನಾನು ಒಂದನೇ ಕ್ಲಾಸಿನ ಹುಡುಗನಿಗೆ ಬೈಯುವಂತೆ ಬೈದಿದ್ದೆ. ಅಂದಿನಿಂದ ದಿನಾ ಹಗ್ಗದ ಆಚೆ ನಿಂತು, “ಅಕ್ಕೋರೆ, ಕಾಲ್ ಇಡಬೋದಾ, ತಲೆ ಮೇಲೆ ನಡ್ಕಂಡ್ ಬರ್ಲಾ?” ಎಂದು ಕೇಳುತ್ತಿದ್ದ. ಅವನ ಹೆಂಡತಿ ಹೊನ್ನಮ್ಮ ನಮ್ಮ ಘಟಕದ ಕೆಲಸಕ್ಕೆ ಮೊದಲು ಹೆಸರು ಬರೆಸಿದವಳು. ಅವಳು ಹಿಂದಿನಿಂದ ಅಂಗಿ ಹಿಡಿದು ಎಳೆಯುತ್ತಿದ್ದಳು. “ಅಕ್ಕೋರ ನೆಲದ ಸುದ್ದಿಗೆ ಹೋಗ್ಬೇಡಿ ಅಂದೆ. ನನ್ನ ಕೆಲ್ಸ ಹೋಗ್ತದೆ.”

ಆ ಬೊಮ್ಮಯ್ಯ ಸತ್ತುಹೋದ. ಎದೆನೋವೆಂದು ಕಾರವಾರದ ಆಸ್ಪತ್ರೆಗೆ ಕರೆದೊಯ್ದವರು ಮರುದಿನ ಅವನನ್ನು ಬಟ್ಟೆ ಹೊದೆಸಿ ತಂದರು. ಅವರ ಮನೆಯ ಹೆಂಚು ಇಳಿಸಿ ಮಾಡಿನ ಪಕಾಸಿನ ಮರ ಬದಲಿಸುತ್ತಿದ್ದ ಸಮಯ ಅದು. ಮನೆಗೆ ಗೋಡೆಯಿತ್ತು, ಮಾಡಿರಲಿಲ್ಲ. ಗಂಡಹೆಂಡಿರು ಮನೆಯ ಹಿಂದಿನ ತಗಡಿನ ಇಳಿಮಾಡಿನಡಿ ಮಲಗುತ್ತಿದ್ದರು. ಆಂಬುಲೆನ್ಸು ರಸ್ತೆಯಲ್ಲಿ ನಿಂತಿತು. ನಡು ಮಧ್ಯಾಹ್ನದ ಬಿಸಿಲು. ಜನ ಆ ಬೋಳು ಮನೆಯನ್ನು ನೋಡಿದರು, ಆಮೇಲೆ ನನ್ನ ಶೆಡ್ಡನ್ನು ನೋಡಿದರು, ಆಮೇಲೆ ಮುಖ ತಿರುಗಿಸಿದರು. ಹೊಸ ಕೆಲಸ ಶುರುವಾಗುವ ಜಾಗದಲ್ಲಿ ಬೇರೆ ಮನೆಯ ಹೆಣ ಇಡಲು ಬಿಡುತ್ತೀರಾ ಎಂದು ಅವರು ಕೇಳುವುದು ಹೇಗೆ? ನಾನು ಕೀಲಿ ಹಿಡಿದು ಅಂಗಳದಲ್ಲಿ ನಿಂತಿದ್ದೆ. ಸೂತಕಕ್ಕೆ ಹೆದರುತ್ತಿದ್ದಾಳೆ ಎಂದು ಅವರು ತಿಳಿದಿರಬೇಕು. ದೇವರಾಣೆಗೂ ಅದಲ್ಲ. ಅವನ ತಲೆಯ ಹತ್ತಿರ ದೀಪ ಇಡುತ್ತಾರೆ, ಆ ದೀಪಕ್ಕೆ ಎಣ್ಣೆ ಹಾಕುತ್ತಾರೆ ಎಂದು ಯೋಚಿಸುತ್ತಿದ್ದೆ. ಹೊನ್ನಮ್ಮ ರಸ್ತೆಯಲ್ಲಿ, ಗಂಡನ ಪಾದದ ಮೇಲೆ ಬಿಸಿಲು ಬೀಳದಂತೆ ಸೆರಗು ಚಾಚಿ ಹಿಡಿದು ನಿಂತಿದ್ದಳು. ನಾನು ಹೋಗಿ ಬೀಗ ತೆಗೆದು ಹಗ್ಗ ಬಿಚ್ಚಿದೆ. ನಾಲ್ಕು ಜನ ಅವನನ್ನು ಎತ್ತಿ ಒಳಗೆ ತಂದರು. ಆ ಸಲ ಬೊಮ್ಮಯ್ಯನ ಕಾಲು ನನ್ನ ನೆಲಕ್ಕೆ ತಾಗಲಿಲ್ಲ.

ದೀಪ ಬಂದಿತು. ನಾನು ಓಡಿ ಮನೆಯ ದೊಡ್ಡ ಸ್ಟೀಲಿನ ಹರಿವಾಣ ತಂದು ಅದರಡಿ ಇಟ್ಟೆ, ಎಣ್ಣೆ ಹನಿಯಬಾರದೆಂದು. “ಕಲ್ತವ್ರ ಸಂಸ್ಕಾರ ನೋಡಿ, ದೀಪವ ನೆಲಕ್ಕೆ ಇಡೂಕೆ ಬಿಡ್ಲಿಲ್ಲ” ಎಂದು ಒಬ್ಬ ಮುದುಕಿ ಕಣ್ಣೊರೆಸಿಕೊಂಡಳು. ಹೆಣ ಎತ್ತಿದ ಮೇಲೆ ಜಾಗ ತೊಳೆಯಬೇಕೆಂದು ಹೆಂಗಸರು ಕೊಡ ಕೊಡ ನೀರು ಸುರಿದರು. ಎಷ್ಟೋ ದಿನ ಹಾಳೆ ಅಂಟಿಸಿ ಒಣಗಿಸಿದ ನೆಲ. ಆ ಹೊತ್ತಿನಲ್ಲೂ ನನ್ನ ಕಣ್ಣು ಕಂಡದ್ದು, ನೀರು ಎಲ್ಲೂ ಹನಿಗಟ್ಟದೆ ಚೆನ್ನಾಗಿ ಇಂಗಿತು, ಕೊಬ್ಬರಿ ಎಣ್ಣೆ ಪೂರ್ತಿ ಹೋಗಿದೆ ಎಂಬುದು. ಸಂತೋಷವಾಯಿತು. ಸಂತೋಷವಾದದ್ದಕ್ಕೆ ನಾಚಿಕೆಯಾಗಿ ಗೋಡೆಯ ಕಡೆ ತಿರುಗಿ ನಿಂತೆ. ನಾನು ಅಳುತ್ತಿದ್ದೇನೆಂದುಕೊಂಡು ಯಾರೋ ಬೆನ್ನು ಸವರಿದರು.

ಹೆಣ ಮಲಗಿಸಿದ ಜಾಗದಲ್ಲೇ, ಉತ್ತರಕ್ರಿಯೆ ಮುಗಿಯುವವರೆಗೆ ದೀಪ ಉರಿಯಬೇಕು. ಅವರ ಮಾಡಿಲ್ಲದ ಮನೆಗೆ ಒಯ್ಯೋಣವೆಂದರೆ ಗಾಳಿ. ಹೀಗಾಗಿ ದೀಪ ನಮ್ಮಲ್ಲೇ ಉಳಿಯಿತು, ಹೊನ್ನಮ್ಮ ದೀಪದ ಬುಡದಲ್ಲಿ ಉಳಿದಳು. ಅವಳು ಅಳಲಿಲ್ಲ. ಊರಿನಲ್ಲಿ ನನ್ನ ದೊಡ್ಡ ಮನಸ್ಸಿನ ಸುದ್ದಿ ಹಬ್ಬುತ್ತಿತ್ತು. ಇತ್ತ ಸುಹಾಸ ದಿನಾ ಫೋನು ಮಾಡುತ್ತಿದ್ದ. “ಮೇಡಂ, ನಂಗೆ ಬೇರೆ ಕಡೆ ಕೆಲ್ಸ ಅದೆ. ಈಗ ಆಗ್ಲಿಲ್ಲ ಅಂದ್ರೆ ಮಳೆಗಾಲ ಕಳ್ದ್ ಮೇಲೇ.” ಪೇಟೆಯಲ್ಲಿ ಮೊದಲ ಈಶಾಡ ಬಂದಿತ್ತು. ಅದರ ವಾಸನೆ ಬಂದರೆ ನಾನು ಸುಗ್ಗಿಗೆ ಉಳಿದ ದಿನಗಳನ್ನು ಬೆರಳಲ್ಲಿ ಎಣಿಸುತ್ತಿದ್ದೆ. ದೀಪವನ್ನು ನಮ್ಮ ಜಗಲಿಯ ಮೂಲೆಗೆ ಇಟ್ಟುಕೊಳ್ಳಬಾರದೇ ಎಂದು ಹೊನ್ನಮ್ಮನನ್ನು ಕೇಳಿಯೇಬಿಡುವುದೆಂದು ನಿಶ್ಚಯಿಸಿದೆ. ಅವಳಿಗೂ ಕೆಲಸ ಬೇಕಲ್ಲ, ಇದು ಅವಳ ಒಳ್ಳೆಯದಕ್ಕೇ, ಎಂದು ವಾಕ್ಯಗಳನ್ನು ಬಾಯಿಪಾಠ ಮಾಡಿಕೊಂಡು ಊಟದ ನಂತರ ಹೋದೆ.

ಹೊನ್ನಮ್ಮ ಗೋಡೆಗೊರಗಿ ನಿದ್ದೆ ಹೋಗಿದ್ದಳು. ದೀಪದಲ್ಲಿ ಎಣ್ಣೆ ತಳ ಕಂಡಿತ್ತು, ಕುಡಿ ಸಣ್ಣಗಾಗಿತ್ತು. ತಾನಾಗಿ ಆರಿಹೋದರೆ ನಾನು ಕೇಳುವ ಪ್ರಶ್ನೆಯೇ ಇಲ್ಲ ಎಂಬ ಯೋಚನೆ ಬಂತು. ಬಂದದ್ದಷ್ಟೇ ಅಲ್ಲ, ನಾನು ಸ್ವಲ್ಪ ಹೊತ್ತು ಹಾಗೇ ನಿಂತು ಕಾದೆ ಕೂಡ. ಕುಡಿ ನೀಲಿಯಾಗಿ ಬತ್ತಿಗೆ ಅಂಟಿಕೊಂಡು ನಡುಗಿತು. ಆಗ ನನಗೆ ಏನಾಯಿತೋ, ಬೊಮ್ಮಯ್ಯನೇ ಇನ್ನೊಮ್ಮೆ ಸಾಯುತ್ತಿದ್ದಾನೆ ಅನ್ನಿಸಿಬಿಟ್ಟಿತು. ಧಡಕ್ಕನೆ ಕೂತು ಬಾಟಲಿಯಿಂದ ಎಣ್ಣೆ ಸುರಿದೆ. ಅವಸರದಲ್ಲಿ ಎಣ್ಣೆ ದೀಪ ತುಂಬಿ, ಹರಿವಾಣ ದಾಟಿ, ಚೆನ್ನಾಗಿ ಉಜ್ಜಿ ಸಿದ್ಧಪಡಿಸಿದ ಆ ಕಾಂಕ್ರೀಟಿನ ಮೇಲೆ ಬಿದ್ದು ನೋಡನೋಡುತ್ತಿದ್ದಂತೆ ಇಂಗಿತು.

ಹೊನ್ನಮ್ಮ ಎಚ್ಚೆತ್ತಳು. “ಅಯ್ಯೋ ಅಕ್ಕೋರೆ, ನಿಮ್ಮ ನೆಲಾ!” ಎಂದವಳೇ ಸೆರಗಿನಿಂದ ಒರೆಸತೊಡಗಿದಳು. “ಇಷ್ಟ್ ದಿನ ಒಂದ್ ಹನಿ ಬೀಳೂಕೆ ಬಿಡ್ಲಿಲ್ಲಾಗಿತ್ತು ನಾನು.” ಆಗಲೇ ಗಮನಿಸಿದ್ದು, ಹರಿವಾಣದ ಸುತ್ತ ಅವಳು ಹಳೆಯ ಬಟ್ಟೆ ಮಡಚಿ ಇಟ್ಟಿದ್ದಳು, ನನ್ನ ಎಣ್ಣೆ ಅದನ್ನೂ ದಾಟಿತ್ತು. “ಬಿಡೇ ಹೊನ್ನಮ್ಮಾ, ಹೋಗ್ಲಿ” ಎಂದೆ. ಅವಳು ಬಿಡಲಿಲ್ಲ, ತಿಕ್ಕುತ್ತಲೇ ಇದ್ದಳು. “ಒದ್ದೆ ಕಾಲಲ್ಲಿ ಹೋಗ್ಬೇಡಿ ಅಂತ ಅವ್ರಿಗೆ ಎಷ್ಟ್ ಸಲ ಹೇಳಿದ್ದೆ… ಕೇಳ್ತಿದ್ರಾ?” ಎಂದು ತಿಕ್ಕುತ್ತ ತಿಕ್ಕುತ್ತ ಅಲ್ಲೇ ಬಗ್ಗಿ ಜೋರಾಗಿ ಅತ್ತಳು. ನಾನೂ ಅತ್ತೆ. ಬಾಯಿಪಾಠ ಮಾಡಿದ್ದ ವಾಕ್ಯ ಒಂದೂ ನೆನಪಾಗಲಿಲ್ಲ.

ಕ್ರಿಯೆ ಮುಗಿಯಿತು. ಸುಹಾಸನನ್ನು ಬೇಡಿಕೊಂಡು ಕರೆಸಿ, ಮತ್ತೆ ಉಜ್ಜಿ ಒಣಗಿಸಿ ಎಪಾಕ್ಸಿ ಹಾಕಿಸುವಷ್ಟರಲ್ಲಿ ಅರ್ಧ ಸುಗ್ಗಿ ಕಳೆದಿತ್ತು. ಉಳಿದರ್ಧಕ್ಕೆ ಕೆಲಸ ಶುರುವಾಯಿತು. ನೆಲ ಕನ್ನಡಿಯಂತಿದೆ, ಗೋಡೆಯ ಹತ್ತಿರ ಅಂಗೈಯಗಲ ಜಾಗ ಬಿಟ್ಟು. ಅಲ್ಲಿ ಪದರ ಎದ್ದು ಬಂತು. ಸುಹಾಸ ಬಂದು ಬೆರಳಲ್ಲಿ ಕೆರೆದು, ನನ್ನ ಪಾಠಕ್ಕೆಲ್ಲ ಸೇಡು ತೀರಿಸಿಕೊಂಡವನಂತೆ ಕೇಳಿದ: “ಇಲ್ಲಿ ಎಣ್ಣೆ ಬಿದ್ದದೆ ಮೇಡಂ. ಯಾರು ಚೆಲ್ಲಿದ್ದು?” ಹಣ್ಣು ಸುಲಿಯುತ್ತಿದ್ದ ಹೊನ್ನಮ್ಮ ತಲೆಯೆತ್ತದೆ “ನಾನು” ಎಂದಳು. “ಅಲ್ಲ, ನಾನು” ಎಂದೆ. ಸುಹಾಸ ನಕ್ಕುಬಿಟ್ಟ. “ನೀವು? ಈ ನೆಲದ ಮೇಲೆ ಎಣ್ಣೆ? ಬೇರೆ ಯಾರಿಗಾದ್ರೂ ಹೇಳಿ.” ವಿಧವೆಯ ತಪ್ಪನ್ನು ಅಕ್ಕೋರು ತಮ್ಮ ತಲೆಗೆ ಹಾಕಿಕೊಂಡರು ಎಂಬ ಸುದ್ದಿ ಅವನಿಂದ ಪೇಟೆ ತಲುಪಿತು. ಹಾಗಲ್ಲ ಎಂದು ನಾನು ಕಂಡಕಂಡವರಿಗೆ ವಿವರಿಸಿದೆ. ವಿವರಿಸಿದಷ್ಟೂ ನನ್ನ ವಿನಯಕ್ಕೆ ಜನ ಕೈ ಮುಗಿದರು. ಕೆಲಸದ ನಡುವೆ ದಣಿವಾದರೆ ಹೊನ್ನಮ್ಮ ಹೋಗಿ ಕೂರುವುದು ಆ ಎದ್ದುಹೋದ ಜಾಗದ ಪಕ್ಕದಲ್ಲೇ, ಅಂಗೈ ಅದರ ಮೇಲಿಟ್ಟುಕೊಂಡು. ಅಷ್ಟು ಮಾತ್ರ ಉಜ್ಜಿ ಸರಿ ಮಾಡಿಕೊಡುತ್ತೇನೆ ಎಂದು ಸುಹಾಸ ಆಗಾಗ ಫೋನು ಮಾಡುತ್ತಾನೆ. ನೆಲ ಇನ್ನೂ ಒಣಗಿಲ್ಲ ಮಾರಾಯ, ಹಾಳೆಯಡಿ ಬೆವರಿದೆ ಎಂದು ನಾನು ಪ್ರತಿ ಸಲ ಅವನಿಗೆ ಸುಳ್ಳು ಹೇಳುತ್ತಿದ್ದೇನೆ.