ಎ.ಸಿ. ಕೋಣೆಯ ಮರ್ಯಾದೆ

ಮಕ್ಕಳೇ, ನಿಮಗೆ ಕನ್ನಡ ಓದಲು ಬರುವುದಿಲ್ಲ. ಆ ಧೈರ್ಯದ ಮೇಲೆಯೇ ಇದನ್ನು ಬರೆಯುತ್ತಿದ್ದೇನೆ. ನೀವು ಕಲಿಯುವ ಹೊತ್ತಿಗೆ ನಾನಿರುವುದಿಲ್ಲ, ಆಗ ಯಾರು ನಕ್ಕರೂ ನನಗೆ ನಾಚಿಕೆಯಾಗುವುದಿಲ್ಲ. ಜನ ತಲೆಮಾರಿನಿಂದ ತಲೆಮಾರಿಗೆ ಒಳ್ಳೆಯವರಾಗುತ್ತಾ ಹೋಗುತ್ತಾರೆ ಎಂದು ನಾನು ಬಹಳ ಕಾಲದಿಂದ ನಂಬಿಕೊಂಡು ಬಂದವಳು. ಇದಕ್ಕೆ ಪುಸ್ತಕದ ಆಧಾರವೇನೂ ಇಲ್ಲ. ನಮ್ಮೂರ ಶಾಲೆಯಲ್ಲಿ ಏಳನೆಯ ತರಗತಿ ಮುಗಿದ ಮೇಲೆ ತರಗತಿಯೇ ಇರಲಿಲ್ಲ. ನನ್ನ ಆಧಾರವೆಲ್ಲ ನಮ್ಮ ಮನೆಯ ವಿಧವೆಯರು. ನನ್ನ ಅಜ್ಜಿಗೆ ತಲೆ ಬೋಳಿಸಿ, ಕೆಂಪು ಸೀರೆ ಉಡಿಸಿ, ಹೊಗೆ ತುಂಬಿದ ಅಡುಗೆಮನೆಯಲ್ಲಿ ಕೂರಿಸಿದ್ದರು. ಮನೆಯಲ್ಲಿ ಮದುವೆಯಾದರೆ ನೂರು ಜನಕ್ಕೆ ಹೋಳಿಗೆ ತಟ್ಟುವವಳು ಅವಳು, ಮದುವೆ ನೋಡುವವರು ಉಳಿದವರು. ನನ್ನ ಅತ್ತೆಯ ಕಾಲಕ್ಕೆ ಕೂದಲು ಉಳಿಯಿತು. ಶುಭಕಾರ್ಯಗಳನ್ನು ಅವರು ಉಗ್ರಾಣದ ಬಾಗಿಲ ಸಂದಿಯಿಂದ ನೋಡಬಹುದಾಗಿತ್ತು. ಸಂದಿ ಒಂದು ಕಣ್ಣಿನಷ್ಟೇ ಅಗಲ. ಹಾಗಾಗಿ ನನ್ನ ಧಾರೆಯಲ್ಲಿ ಅವರಿಗೆ ಮಗ ಕಂಡನಂತೆ, ನಾನು ಕಾಣಲಿಲ್ಲವಂತೆ. ನೋಡದೆ ತಂದುಕೊಂಡ ಸೊಸೆ ಎಂದು ಕೊನೆಯವರೆಗೂ ಹೇಳುತ್ತಿದ್ದರು.

ನನ್ನ ಸರದಿ ಬಂದಾಗ ಬಳೆ ಒಡೆಯಲು ಯಾರೂ ಬರಲಿಲ್ಲ. ನಿಮ್ಮ ತಾತನ ಕರ್ಮಗಳೆಲ್ಲ ಮುಗಿದ ಮೇಲೆ ನಿಮ್ಮಪ್ಪ, "ಅಮ್ಮ, ನೀನು ಮೊದಲು ಹೇಗಿದ್ಯೋ ಹಾಗೇ ಇರು. ಈಗಿನ ಕಾಲದಲ್ಲಿ ಯಾರೂ ಏನೂ ಅನ್ನಲ್ಲ" ಎಂದ. ಮಾತು ನಿಜ. ಯಾರೂ ಏನೂ ಅನ್ನುವುದಿಲ್ಲ. ಅಂದಿದ್ದರೆ ತಿರುಗಿ ಒಂದು ಮಾತಾಡಬಹುದಿತ್ತು. ನಾನು ಆಡುವವಳಲ್ಲ ಬಿಡಿ, ನಾಲ್ಕು ಜನರೆದುರು ನೀರು ಕೇಳಲೂ ಹಿಂಜರಿಯುವವಳು. ಆದರೂ ಆಡಬಹುದಿತ್ತು ಎಂಬ ಸಮಾಧಾನವಾದರೂ ಉಳಿಯುತ್ತಿತ್ತು.

ಈ ಸಲದ ನವರಾತ್ರಿಯಲ್ಲಿ ಆದದ್ದು ಹೇಳುತ್ತೇನೆ. ನಾವು ಗೊಂಬೆ ಕೂರಿಸುವುದು ಎನ್ನುವುದಕ್ಕೆ ಈ ಮೈಲಾಪೂರಿನಲ್ಲಿ ಕೊಲು ಎನ್ನುತ್ತಾರಲ್ಲ. ಒಂಬತ್ತು ದಿನ ನಮ್ಮ ಕಟ್ಟಡದ ಹೆಂಗಸರು ರೇಷ್ಮೆ ಸೀರೆಯುಟ್ಟು ಮಹಡಿಯಿಂದ ಮಹಡಿಗೆ ತಾಂಬೂಲಕ್ಕೆ ಹೋಗುತ್ತಾರೆ. ಕೆಳಗಿನ ಮಹಡಿಯ ಪದ್ಮಾ ಲಿಫ್ಟಿನ ಹತ್ತಿರ ನನ್ನೆರಡೂ ಕೈ ಹಿಡಿದುಕೊಂಡು, "ಮಾಮಿ, ವೆಳ್ಳಿಕ್ಕಿಳಮೈ ಕಟ್ಟಾಯಂ ವರಣುಂ. ಒರು ಕನ್ನಡ ಪಾಟ್ಟು ಪಾಡಣುಂ!" ಎಂದಳು. ಶುಕ್ರವಾರ ಬರಲೇಬೇಕು, ಒಂದು ಕನ್ನಡ ಹಾಡು ಹಾಡಲೇಬೇಕು ಎಂದು. ಅರವತ್ತೆಂಟು ವರ್ಷದಲ್ಲಿ ನನಗೆ ಹಾಡು ಎಂದವರೇ ಇಲ್ಲ. ನಿಮ್ಮ ತಾತ, ನಾನು ಗುನುಗಿದರೆ, ರೇಡಿಯೋ ಆರಿಸಲಿಲ್ಲವೇ ಎಂದು ಕೇಳುತ್ತಿದ್ದರು. ಬೇಡ, ನನಗೆ ಬರುವುದಿಲ್ಲ ಎಂದು ಮೂರು ಸಲ ಹೇಳಿ, ಮನೆಗೆ ಬಂದು ಅಂದೇ ಅಭ್ಯಾಸ ಶುರು ಮಾಡಿದೆ. ಚಿಕ್ಕಂದಿನಲ್ಲಿ ಅಮ್ಮ ಹೇಳಿಕೊಟ್ಟ ಲಕ್ಷ್ಮಿಯ ಹಾಡು. ನಿಮಗೆಲ್ಲ ಕೇಳಿಸಬಾರದೆಂದು ಮಿಕ್ಸಿ ಓಡುವಾಗ ಮಾತ್ರ ಹಾಡುತ್ತಿದ್ದೆ. ಆ ವಾರ ಮನೆಯಲ್ಲಿ ಮೂರು ಹೊತ್ತೂ ಚಟ್ನಿ ಯಾಕಿತ್ತು ಎಂದು ಕೇಳುತ್ತಿದ್ದಿರಲ್ಲ, ಅದಕ್ಕೆ.

ಶುಕ್ರವಾರ ಸಂಜೆ ಬೂದುಬಣ್ಣದ ರೇಷ್ಮೆಯುಟ್ಟು, ನಿಮ್ಮಲ್ಲಿ ದೊಡ್ಡವಳಾದ ಮೈತ್ರಿಯನ್ನು ಕರೆದುಕೊಂಡು ಹೋದೆ. ಹಾಲಿನ ತುಂಬ ಹೆಂಗಸರು ಜಮಖಾನದ ಮೇಲೆ ಕೂತಿದ್ದರು. ಪದ್ಮಾ ಕುಂಕುಮದ ಬಟ್ಟಲು ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಮೈತ್ರಿಗೆ ಇಟ್ಟಳು. ನನ್ನನ್ನು ನೋಡಿದಾಗ ಬಟ್ಟಲು ಅದಾಗಿಯೇ ಎನ್ನುವ ಹಾಗೆ ಸೆರಗಿನ ಹಿಂದೆ ಹೋಯಿತು.

"ಅಯ್ಯೋ ಮಾಮಿ, ನಿಮ್ಮ ಮಂಡಿ! ನೆಲದ ಮೇಲೆ ಹೇಗೆ ಕೂರ್ತೀರಿ? ಒಳಗೆ ವಾಂಗೋ, ಎ.ಸಿ. ಹಾಕಿದೀನಿ, ಸೋಫಾ ಇದೆ."

ನನ್ನ ಮಂಡಿಗೆ ಏನಾಗಿದೆಯೋ ನನಗೇ ಗೊತ್ತಿರಲಿಲ್ಲ. ಅದೇ ಬೆಳಿಗ್ಗೆ ಲಿಫ್ಟು ಕೆಟ್ಟಿದ್ದಾಗ ತರಕಾರಿ ಚೀಲ ಹೊತ್ತು ಮೂರು ಮಹಡಿ ಹತ್ತಿದ್ದೆ. ಆದರೆ ಅಷ್ಟು ಅಕ್ಕರೆಯಿಂದ ಕೊಟ್ಟ ಕಾಯಿಲೆಯನ್ನು ಬೇಡವೆನ್ನುವುದು ಹೇಗೆ? ಒಳಗೆ ಹೋದೆ. ಸೋಫಾದ ಮೇಲೆ ಇನ್ನೊಬ್ಬರು ಹಿರಿಯರು ಶಾಲು ಹೊದ್ದು ಕೂತಿದ್ದರು. ಪದ್ಮಾಳ ಹೆತ್ತ ತಾಯಿ. ಅವರ ಹಣೆಯೂ ಬರಿದು.

"ಕೂತ್ಕೊಳ್ಳಿ, ಜಾಗ ಚೆನ್ನಾಗಿದೆ" ಎಂದರು ತಮಿಳಿನಲ್ಲಿ. "ಮೊದಲೆರಡು ವರ್ಷ ಬರೀ ಫ್ಯಾನ್ ಇತ್ತು. ಹೋದ ವರ್ಷ ಮಗಳು ಎ.ಸಿ. ಹಾಕಿಸಿದಳು. ತುಂಬಾ ಒಳ್ಳೆಯ ಹುಡುಗಿ."

"ಹೌದು" ಎಂದೆ.

"ನಿಮ್ಮನ್ನೂ ಹಾಡೋಕೆ ಕರೆದಳಾ?"

"ಹೌದು."

"ನನ್ನನ್ನೂ ಕರೆದಿದ್ದಳು" ಎಂದು ಅವರು ಟಿ.ವಿ.ಯ ರಿಮೋಟನ್ನು ನನ್ನ ಕಡೆ ಸರಿಸಿದರು.

ಹೊಗೆಯ ಅಡುಗೆಮನೆಯಿಂದ ಬಾಗಿಲ ಸಂದಿಗೆ, ಅಲ್ಲಿಂದ ಎ.ಸಿ. ಕೋಣೆಗೆ. ಪ್ರಗತಿ ಇಲ್ಲವೆಂದು ಹೇಗೆ ಹೇಳಲಿ? ಪದ್ಮಾ ಬಂದು ಕಡಲೆ ಉಸಲಿ ಕೊಟ್ಟಳು, ಕಾಫಿ ಕೊಟ್ಟಳು, ಸಕ್ಕರೆ ಸಾಕೇ ಎಂದು ಕೇಳಿದಳು. ಹೊರಗಿನವರಿಗೆ ಎಲೆ, ಅಡಿಕೆ, ರವಿಕೆ ಕಣ. ನಮ್ಮಿಬ್ಬರಿಗೆ ಹಣ್ಣು ಮತ್ತು ಫೋನು ನಿಲ್ಲಿಸುವ ಸ್ಟ್ಯಾಂಡು. ನನ್ನ ಅಜ್ಜಿಯನ್ನು ಬೈದು ಒಳಗೆ ಕಳಿಸುತ್ತಿದ್ದರು, ಅವಳು ಮೂಲೆಯಲ್ಲಿ ಕೂತು ಅಳಬಹುದಾಗಿತ್ತು. ಇಷ್ಟು ಉಪಚಾರ ಮಾಡಿದರೆ ಅಳುವುದಕ್ಕೂ ಬಾಯಿಲ್ಲ. ಹೊರಗೆ ಒಬ್ಬೊಬ್ಬರಾಗಿ ಹಾಡುತ್ತಿದ್ದರು. ನಾನು ತುಟಿಯಲ್ಲೇ ಮೊದಲ ಸಾಲು ನೆನಪು ಮಾಡಿಕೊಳ್ಳುತ್ತಾ ಕೂತೆ. ಕರೆದರೂ ಕರೆಯಬಹುದು.

ಆಗ ಬಾಗಿಲು ದಢಾರನೆ ತೆರೆದುಕೊಂಡಿತು. ಮೈತ್ರಿ.

"ಅಜ್ಜಿ, ಇಂಗ ಎನ್ನ ಪಣ್ಣರೆ? ಇಲ್ಲೇನು ಮಾಡ್ತಿದೀಯ? ನಿನ್ ಟರ್ನ್! ಹಾಡ್ತೀನಿ ಅಂದಿದ್ಯಲ್ಲ, ವಾ!"

ಹಾಲಿನ ಹೆಂಗಸರೆಲ್ಲ ತಿರುಗಿ ನೋಡಿದರು. ಆಮೇಲೆ ಹಿಂದಿನಿಂದ ಯಾರೋ "ವರಟ್ಟುಮೇ" ಎಂದರು, ಬರಲಿ ಬಿಡಿ ಎಂದು. ಇನ್ನೊಬ್ಬರು ಜಮಖಾನದ ಮೇಲೆ ಸರಿದು ಜಾಗ ಮಾಡಿದರು. ಪದ್ಮಾಳ ಮುಖ ಕೆಂಪಾಯಿತು. ಆದರೂ, "ವಾಂಗೋ ಮಾಮಿ, ಪಾಡುಂಗೋ" ಎಂದಳು. ಈ ಸಲ ಬಾಯಿಮಾತಿಗೆ ಅಂದದ್ದಲ್ಲ, ನನಗೆ ಗೊತ್ತಾಗುತ್ತದೆ. ಮೈತ್ರಿ ಕೈ ಚಾಚಿ ನಿಂತಿದ್ದಳು. ಅಜ್ಜಿಗೂ ಅತ್ತೆಗೂ ಯಾರೂ ತೆರೆಯದಿದ್ದ ಬಾಗಿಲು ಪೂರ್ತಿ ತೆರೆದಿತ್ತು. ಎದ್ದು ನಾಲ್ಕು ಹೆಜ್ಜೆ ಇಟ್ಟರೆ ಸಾಕಿತ್ತು.

"ಬಾಗಿಲು ಹಾಕೇ ಪುಟ್ಟಿ, ತಣ್ಣನೆ ಗಾಳಿಯೆಲ್ಲ ಹೊರಗೆ ಹೋಗುತ್ತೆ" ಎಂದಿತು ಒಂದು ಧ್ವನಿ. ನನ್ನದೇ.

ಮೈತ್ರಿ ಹಾಕಿದಳು. ಹೊರಗೆ ಇನ್ನಾರೋ ಹಾಡಲು ಶುರು ಮಾಡಿದರು. ಪಕ್ಕದ ಹಿರಿಯರು ತಮ್ಮ ಶಾಲಿನ ಅರ್ಧವನ್ನು ನನ್ನ ಕಾಲ ಮೇಲೆ ಹೊದಿಸಿದರು.

ಮನೆಗೆ ಹೊರಟಾಗ ಮೈತ್ರಿ, "ಹಾಡಬೇಡ ಅಂತ ಯಾರು ಅಂದ್ರು, ಅಜ್ಜಿ?" ಎಂದು ಕೇಳಿದಳು. ಧ್ವನಿಯಲ್ಲಿ ಅವರನ್ನು ಸುಮ್ಮನೆ ಬಿಡುವುದಿಲ್ಲ ಎಂಬ ಸಿಟ್ಟಿತ್ತು. ಎಷ್ಟು ಹುಡುಕಿದರೂ ನನಗೆ ಹೇಳಲು ಒಂದು ಹೆಸರು ಸಿಗಲಿಲ್ಲ.

"ಯಾರೂ ಅಲ್ಲ ಪುಟ್ಟಿ, ಮಂಡಿ ನೋವು" ಎಂದೆ.

ಪಾಪ, ನಂಬಿದಳು. ನನ್ನ ಚೀಲ ತಾನೇ ಹಿಡಿದುಕೊಂಡು, ನನ್ನ ಕೈಯನ್ನು ತನ್ನ ಹೆಗಲ ಮೇಲೆ ಹಾಕಿಕೊಂಡು ನಿಧಾನವಾಗಿ ನಡೆಸಿದಳು. ಅಷ್ಟು ಒಳ್ಳೆಯ ಮಗುವಿನ ಮನಸ್ಸು ನೋಯಿಸಬಾರದೆಂದು ನಾನೂ ಮನೆಯವರೆಗೆ ಸ್ವಲ್ಪ ಕುಂಟಿದೆ.