ಸ್ಟೇರಿಂಗಿಗೆ ಕಟ್ಟಿದ್ದ ಕೆಂಪು ಬಟ್ಟೆ

ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ ಕಾಲೇಜಿನಲ್ಲಿ ಪಾಠ ಹೇಳುವವನಿಗೆ ಡೀಸೆಲ್ ಲಾರಿಗೊಂದು ಎಣ್ಣೆ ಆರಿಸುವುದು ಎಷ್ಟರ ಕೆಲಸ? ಹಾಗಂತ ನಾನು ನಂಬಿದ್ದೆ.

ಬಾಮೈದ ಶಿವುಗೆ ಇರುವುದು ಒಂದೇ ಲಾರಿ. ಅದು ಓಡಿದರೆ ಅವನ ಮನೆ ನಡೆಯುತ್ತದೆ. ಆ ಶುಕ್ರವಾರ ಅವನು ಎಂಜಿನ್ ಎಣ್ಣೆ ಬದಲಿಸಿಕೊಂಡು ಅಮೃತೂರಿನ ಶಾಲೆಯೊಂದಕ್ಕೆ ಬೆಂಚುಗಳನ್ನು ಒಯ್ಯಬೇಕಿತ್ತು. ನಾನು ಒಂದು ವಾರ ಅಧ್ಯಯನ ನಡೆಸಿ, ಪೂರ್ತಿ ಸಿಂಥೆಟಿಕ್ ಎಣ್ಣೆಯೇ ಶ್ರೇಷ್ಠವೆಂದು ತೀರ್ಮಾನಿಸಿ, ಒಂದು ಬಕೆಟ್ ಹೊತ್ತುಕೊಂಡು ಕ್ಯಾತ್ಸಂದ್ರದ ಹೈವೇ ಪಕ್ಕದ ಶೆಡ್ಡಿಗೆ ಹೋದೆ. ಜೊತೆಗೆ ಕೂಲೆಂಟು, ಬ್ರೇಕ್ ಆಯಿಲ್ಲು, ನಲವತ್ತು ಪುಟದ ಒಂದು ನೋಟ್‌ಬುಕ್ಕು!

ಮೆಕ್ಯಾನಿಕ್ ನಯಾಜ್ ಭಾಯ್ ನೋಟ್‌ಬುಕ್ಕನ್ನು ದೂರದಿಂದಲೇ ನೋಡಿದರು.

“ಸಾರ್, ಗಾಡಿ ಜೊತೆ ಕಂಪ್ನಿಯೋರು ಒಂದು ಬುಕ್ ಕೊಟ್ಟವ್ರೆ. ಅದ್ರಲ್ಲಿ ಬರ್ದಿರೋ ಎಣ್ಣೆನೇ ತಂದಿಟ್ಟಿದೀನಿ. ಅಷ್ಟು ಸಾಕು.”

“ಸಾಕು ಅನ್ನೋದಕ್ಕೆ ಪುರಾವೆ ಏನು ಭಾಯ್?”

“ಇಪ್ಪತ್ತು ವರ್ಷದಿಂದ ಯಾವ ಗಾಡಿನೂ ವಾಪಸ್ ಬಂದು ಬೈದಿಲ್ಲ ಸಾರ್.”

ಇದು ಪುರಾವೆಯಲ್ಲ, ಕೇವಲ ಅನುಭವ ಎಂದು ವಿವರಿಸಿದೆ. ಅವರು ಹಳೆ ಎಣ್ಣೆ ಇಳಿಸಿ, ಫಿಲ್ಟರ್ ಬದಲಿಸಿ, ಕೆಳಗಿನ ಬೋಲ್ಟು ಬಿಗಿದು, ಸ್ಟೇರಿಂಗಿಗೆ ಒಂದು ಕೆಂಪು ಬಟ್ಟೆ ಕಟ್ಟಿದರು. “ನಮಾಜ್‌ಗೆ ಹೋಗಿ ಬರ್ತೀನಿ. ಯಾವ ಎಣ್ಣೆ ಅಂತ ಆಮೇಲೆ ಮಾತಾಡಣ” ಎಂದು ಹೊರಟರು.

ಕೆಂಪು ಬಟ್ಟೆ! ಬಂಪರಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟುವುದರ ವಿರುದ್ಧ ಶಿವು ಜೊತೆ ವರ್ಷಗಟ್ಟಲೆ ಜಗಳವಾಡಿದವನು ನಾನು. ನನ್ನ ಕಣ್ಣೆದುರೇ ದೃಷ್ಟಿ ಬಟ್ಟೆ! ವೈಜ್ಞಾನಿಕ ಮನೋಭಾವದ ಪರವಾಗಿ ಅದನ್ನು ಬಿಚ್ಚಿ ಜೇಬಿಗಿಟ್ಟೆ.

ಆಮೇಲೆ ಸಿಂಥೆಟಿಕ್ ಬಕೆಟ್ಟಿನ ಸೀಲು ಒಡೆದೆ. ಬೆರಳು ಅದ್ದಿ, ಉಜ್ಜಿ, ಮೂಸಿ ನೋಡಿದೆ. ಅದ್ಭುತ! ಆ ಸಂತೋಷದಲ್ಲಿ ಎದುರಿನ ಅಂಗಡಿಗೆ ಟೀ ಕುಡಿಯಲು ಹೋಗಿ, ಅಲ್ಲಿದ್ದ ಇಬ್ಬರು ಲಾರಿ ಡ್ರೈವರುಗಳಿಗೆ ಎಣ್ಣೆಯ ಸ್ನಿಗ್ಧತೆಯ ಬಗ್ಗೆ ಪಾಠ ಮಾಡಿದೆ. ಒಬ್ಬ ನಿದ್ದೆ ಹೋದ. ಇನ್ನೊಬ್ಬ ಊರಿಗೇ ಹೋದ.

ವಾಪಸ್ ಬಂದಾಗ ಲಾರಿ ಇರಲಿಲ್ಲ. ಬಕೆಟ್ಟುಗಳೂ ಇರಲಿಲ್ಲ. ನಯಾಜ್ ಭಾಯ್ ಮಾತ್ರ ನಿಂತಿದ್ದರು.

“ಗಾಡಿ ಎಲ್ಲಿ ಸಾರ್?”

“ಶಿವು ತಗೊಂಡು ಹೋಗಿರ್ಬೇಕು. ಅಮೃತೂರಿಗೆ ಬೆಂಚು ಒಯ್ಯೋಕೆ.”

“ಎಣ್ಣೆ ಯಾರು ಹಾಕಿದ್ರು?”

ನಾನು ಹಾಕಿದೆನೇ? ಸೀಲು ಒಡೆದದ್ದು ನೆನಪಿದೆ. ಲಾಳಿಕೆ ಹುಡುಕಿದ್ದೂ ನೆನಪಿದ್ದಂತಿದೆ. ಸುರಿದದ್ದು? ಸುರಿದ ಹಾಗೇ ಅನ್ನಿಸುತ್ತದೆ. ಆದರೆ ಸುರಿಯಬೇಕೆಂದುಕೊಂಡಿದ್ದೂ ಹಾಗೇ ಅನ್ನಿಸುತ್ತದೆ! ಸಾಕ್ಷ್ಯಕ್ಕಾಗಿ ಕೈ ನೋಡಿಕೊಂಡೆ. ಎಣ್ಣೆ ಇತ್ತು. ಆದರೆ ಅದು ಮೂಸಿ ನೋಡಿದ ಎಣ್ಣೆಯೂ ಆಗಿರಬಹುದು.

“ಶಿವು ಗಾಡಿ ತೆಗ್ದಿರೋಕೆ ಆಗೋದೇ ಇಲ್ಲ,” ಎಂದರು ನಯಾಜ್ ಭಾಯ್. “ಎಂಜಿನ್ನಲ್ಲಿ ಎಣ್ಣೆ ಇಲ್ಲ, ಸ್ಟಾರ್ಟ್ ಮಾಡ್ಬೇಡಿ ಅಂತಾನೇ ಸ್ಟೇರಿಂಗ್‌ಗೆ ಕೆಂಪು ಬಟ್ಟೆ ಕಟ್ಟೋದು. ಶಿವುಗೆ ಚೆನ್ನಾಗಿ ಗೊತ್ತು. ಬಟ್ಟೆ ಇದ್ರೆ ಅವ್ನು ಕೀ ಮುಟ್ಟಲ್ಲ.”

ನಾನು ಜೇಬಿನಿಂದ ಬಟ್ಟೆ ತೆಗೆದೆ. “ಇದಾ?”

ನಯಾಜ್ ಭಾಯ್ ಶೆಡ್ಡಿನ ಪಕ್ಕಕ್ಕೆ ಓಡಿದರು. ಬೈಕು ಸ್ಟಾರ್ಟ್ ಮಾಡಿದರು. ಎಣ್ಣೆಯಿಲ್ಲದ ಎಂಜಿನ್ ಎಷ್ಟು ದೂರ ಹೋಗುತ್ತದೆ ಎಂದು ಹಿಂದೆ ಕೂತು ಕೇಳಿದೆ.

“ಹೋಗೋ ಅಷ್ಟು ದೂರ ಹೋಗ್ತದೆ ಸಾರ್. ಆಮೇಲೆ ಎಂಜಿನ್ ಅಂತ ಇರಲ್ಲ.”

ಶಿವುಗೆ ಫೋನ್ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ಎತ್ತಲಿಲ್ಲ. ಗಾಡಿ ಓಡಿಸುವಾಗ ಫೋನ್ ಮುಟ್ಟಬಾರದೆಂದು ಅವನಿಂದ ಪ್ರಮಾಣ ಮಾಡಿಸಿಕೊಂಡವನು ಯಾರು? ನಾನೇ! ನನ್ನ ಜೀವನದಲ್ಲಿ ಯಾರಾದರೂ ಪಾಲಿಸಿದ ಏಕೈಕ ಉಪದೇಶ ಅದು.

ಅಷ್ಟರಲ್ಲಿ ಹೆಂಡತಿ ಶೈಲಾಳ ಫೋನು.

“ಏನ್ರೀ, ಬೆಳಿಗ್ಗೆ ಗ್ಯಾಸ್ ಆಫ್ ಮಾಡಿದೀನಿ ಅಂದ್ರಲ್ಲ?”

“ಹೌದು, ಮಾಡಿದ್ನಲ್ಲ! ಚೆನ್ನಾಗಿ ನೆನಪಿದೆ.”

“ಪಾತ್ರೆ ತಳ ಕಪ್ಪಾಗಿ ಕೂತಿದೆ.”

ಎಣ್ಣೆ ಹಾಕಿದೆನೆಂಬ ಅರ್ಧ ನಂಬಿಕೆಯೂ ಅಲ್ಲಿಗೆ ಸತ್ತಿತು. ಫೋನನ್ನೂ ಬಟ್ಟೆಯನ್ನೂ ಜೇಬಿಗೆ ತುರುಕಿ, ನಯಾಜ್ ಭಾಯ್ ಸೊಂಟ ಹಿಡಿದುಕೊಂಡೆ. ಅಮೃತೂರಿನ ಕಡೆಗೆ ಕುಣಿಗಲ್ ರಸ್ತೆಗೆ ತಿರುಗಿದ ಮೇಲೆ ಎದುರಿಗೆ ಕಂಡ ಪ್ರತಿ ಹೊಗೆಯೂ ಶಿವುವಿನ ಲಾರಿಯದೇ ಅನ್ನಿಸಿತು. ಒಂದು ಕಡೆಯದು ಇಟ್ಟಿಗೆ ಗೂಡು. ಇನ್ನೊಂದು, ಬೋಂಡ ಕರಿಯುವ ಗಾಡಿ. ಶಿವುವಿನ ಇಬ್ಬರು ಹೆಣ್ಣುಮಕ್ಕಳ ಮುಖ ನೆನಪಾಯಿತು. ಅದರ ಬಗ್ಗೆ ಮಾತ್ರ ನನ್ನ ನೆನಪಿಗೆ ಯಾವ ಅನುಮಾನವೂ ಇರಲಿಲ್ಲ.

ಒಂದು ಹುಣಸೇಮರದ ಕೆಳಗೆ ಲಾರಿ ನಿಂತಿತ್ತು! ಬೆಂಚುಗಳ ಸಮೇತ, ಅಲುಗಾಡದೆ. ಶಿವು ಮರದಡಿ ನಿಂತು ಕಿವಿಗೆ ಫೋನ್ ಹಿಡಿದಿದ್ದ.

“ಶಿವೂ, ಎಂಜಿನ್ ಹೋಯ್ತೇನೋ!”

“ಏನ್ ಭಾವ ನೀವು? ಒಂದೇ ಸಮ ಫೋನ್ ಮಾಡ್ತಿದ್ರಿ ಅಂತ ಗಾಡಿ ಪಕ್ಕಕ್ಕೆ ಹಾಕಿ ನಾನ್ ಮಾಡಿದ್ರೆ ಎತ್ತುತಾನೇ ಇಲ್ವಲ್ಲ! ಎಂಜಿನ್‌ಗೇನಾಗದೆ?”

“ಎಣ್ಣೆ?”

“ಹಾಕ್ಕೊಂಡೇ ಬಂದೆ. ಬಟ್ಟೆ ಇರ್ಲಿಲ್ಲ, ಎಲ್ಲಾ ಆಗದೆ ಅನ್ಕೊಂಡು ಕೀ ತಿರುಗಿಸ್ಬೇಕು ಅನ್ನೋವಾಗ ಅಕ್ಕ ಫೋನ್ ಮಾಡಿದ್ಳು. ‘ನಿಮ್ಮ ಭಾವ ಶೆಡ್ಡಿಗೆ ಬಂದವ್ರೆ ಕಣೋ, ಎಲ್ಲಾನೂ ಇನ್ನೊಂದ್ಸಲ ನೋಡ್ಕೋ’ ಅಂದ್ಳು. ಎಣ್ಣೆ ಅಳೆಯೋ ಕಡ್ಡಿ ಎಳ್ದು ನೋಡಿದ್ರೆ ಒಂದು ತೊಟ್ಟಿಲ್ಲ!”

ನಯಾಜ್ ಭಾಯ್ ಆಕಾಶ ನೋಡಿ ಎರಡೂ ಕೈ ಎತ್ತಿದರು. ನನಗೆ ಜೀವ ಬಂತು. ಜೀವದ ಜೊತೆಗೆ ಪಾಂಡಿತ್ಯವೂ ಬಂತು.

“ಯಾವುದು ಹಾಕ್ದೆ? ಸಿಂಥೆಟಿಕ್ ತಾನೆ?”

“ಇಲ್ಲ ಭಾವ, ಭಾಯ್ ತಂದಿಟ್ಟಿದ್ದು. ನಿಮ್ ಬಕೆಟ್ ಸೀಲ್ ಒಡ್ದಿತ್ತು. ಒಳಗೆ ಒಂದು ನೊಣ ಬಿದ್ದಿತ್ತು.”

ನಲವತ್ತು ಪುಟದ ಅಧ್ಯಯನದ ಫಲವನ್ನು ಒಂದು ನೊಣ ಅನುಭವಿಸಿತು!

ಮರುದಿನ ಬೆಳಿಗ್ಗೆ ಕಾಲೇಜಿಗೆ ಹೊರಟು ನೋಡುತ್ತೇನೆ, ನನ್ನ ಸ್ಕೂಟರಿನ ಹ್ಯಾಂಡಲಿಗೆ ಅದೇ ಕೆಂಪು ಬಟ್ಟೆ! ಪಾಠ ಕಲಿತವನು ನಾನು. ಕೀ ಮುಟ್ಟಲಿಲ್ಲ, ಬಟ್ಟೆ ಮುಟ್ಟಲಿಲ್ಲ. ನಡೆದು ಹೋಗಿ ಬಸ್ಸು ಹಿಡಿದೆ. ಮೊದಲ ತರಗತಿ ತಪ್ಪಿತು.

ಸಂಜೆ ಶೈಲಾ ಕೇಳಿದಳು: “ಸ್ಕೂಟರ್ ಯಾಕ್ರೀ ಬಿಟ್ಟು ಹೋದ್ರಿ?”

“ಕೆಂಪು ಬಟ್ಟೆ ಕಟ್ಟಿದ್ಯಲ್ಲ. ಏನ್ ಕೆಟ್ಟಿದೆ ಅದರಲ್ಲಿ?”

ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

“ಅದರಲ್ಲೇನೂ ಕೆಟ್ಟಿಲ್ಲ. ನಿಮ್ ಪ್ಯಾಂಟ್ ಜೇಬಲ್ಲಿ ಸಿಕ್ತು. ಒಗ್ದು ಒಣಗಾಕಿದ್ದೆ ಕಣ್ರೀ!”