ಚಪ್ಪಲಿಗೂ ಎಣ್ಣೆ ಹಚ್ಚಬೇಕಂತೆ

ನಾನು ಏಳನೇ ಇಯತ್ತೆಗೆ ಶಾಲೆ ಬಿಟ್ಟವನು, ಸುತ್ತಿ ಬಳಸಿ ಹೇಳಲು ಬರುವುದಿಲ್ಲ. ಚಪ್ಪಲಿ ಎಂದರೆ ಕಾಲಿಗೆ ಹಾಕುವುದು, ಅಷ್ಟೇ. ರಬ್ಬರ್ ಚಪ್ಪಲಿ ನನಗೆ ಹಿಡಿಸುವುದು ಅದಕ್ಕೇ. ಅದು ಎಣ್ಣೆ ಕೇಳುವುದಿಲ್ಲ, ನೆರಳು ಕೇಳುವುದಿಲ್ಲ, ಬಾರು ಕಿತ್ತರೆ ಪಿನ್ನು ಚುಚ್ಚಿಸಿಕೊಂಡು ಸುಮ್ಮನೆ ನಡೆಯುತ್ತದೆ. ಇಂಥ ನನಗೆ ರಾಯಚೂರಿನ ಮಾವ ಮದುವೆಯಲ್ಲಿ ಕೈಯಿಂದ ಹೊಲಿಸಿದ ತೊಗಲಿನ ಚಪ್ಪಲಿ ಕೊಟ್ಟರು. ಮಾವನಿಗೊಂದು ಚಟ. ಯಾರ ಮನೆಗೆ ಹೋದರೂ ಒಳಗೆ ಕಾಲಿಡುವ ಮೊದಲು ಬಾಗಿಲಲ್ಲಿರುವ ಚಪ್ಪಲಿಗಳನ್ನು ತಿರುವಿ ನೋಡುತ್ತಾರೆ. ಕೊಡುವಾಗಲೇ ಹೇಳಿದ್ದರು: "ಅಳಿಯಂದಿರ, ಇವನ್ನ ಹೆಂಗ ಇಟ್ಟೀರಿ ನೋಡಿದ್ರ ನನ್ ಮಗಳ್ನ ಹೆಂಗ ಇಟ್ಟೀರಿ ಅಂತ ತಿಳೀತೈತಿ."

ಮೊನ್ನೆ ಮಾಗನೂರಿನ ಗೆಳೆಯನ ಗದ್ದೆಗೆ ಹೋಗಿ ಅವಕ್ಕೆ ಕೆಸರು ಮೆತ್ತಿಸಿಕೊಂಡು ಬಂದೆ. ರಬ್ಬರಿನದನ್ನು ತೊಳೆದ ಹಾಗೇ ಸೋಪಿನ ಪುಡಿ ಹಾಕಿ ಬ್ರಷ್ಷಿನಿಂದ ತಿಕ್ಕಿ, ತಗಡಿನ ಮೇಲೆ ಬಿಸಿಲಿಗಿಟ್ಟೆ. ಸಂಜೆಗೆ ಎರಡೂ ಮುದುಡಿ, ಬಿಳಿಚಿಕೊಂಡು, ಕಟ್ಟಿಗೆಯಾಗಿದ್ದವು. ಅಷ್ಟರಲ್ಲಿ ನನ್ನ ಹೆಂಡತಿ ಮಹಾದೇವಿ ಫೋನ್ ಹಿಡಿದು ಬಂದಳು.

"ಆಯಿತವಾರ ಅಪ್ಪ ಬರ್ತಾನಂತ. ಇವೇನ್ರೀ, ಹಪ್ಪಳ ಒಣಗಾಕ ಹಾಕೀರೇನು?"

"ಚಪ್ಪಲಿ. ತೊಳದೀನಿ."

"ಮದುವ್ಯಾದಾಗಿಂದ ಒಂದು ಅಂಗಿ ತೊಳದಿಲ್ಲ. ಅಪ್ಪನ ಚಪ್ಪಲೇ ಸಿಕ್ವೇನು ನಿಮ್ಗ?"

ಮರುದಿನ ಮಂಗಳವಾರ. ಬೆಳಿಗ್ಗೆಯೇ ಮಕ್ತಲ್ ಬಸ್ ಸ್ಟ್ಯಾಂಡಿನ ಮುಂದೆ ಚಪ್ಪಲಿ ಹೊಲಿಯುವ ಯಲ್ಲಮ್ಮನ ಮುಂದೆ ಕೂತೆ. ಮುದುಕಿ ಒಂದನ್ನು ಮೂಸಿ ನೋಡಿದಳು.

"ಸೋಪು ಹಾಕೀಯಲ್ಲ ಬಿಡ್ಡಾ! ತೊಗಲಿನ ಜೀವ ಎಣ್ಣ್ಯಾಗ ಇರ್ತೈತಿ, ಅದನ್ನೇ ತೊಳದೀದಿ. ಒದ್ದಿ ಅರಿವೀಲೆ ಒರಸು, ನೆರಳಾಗ ಆರಿಸು. ದಿನಾ ಚೂರು ಔಡಲೆಣ್ಣಿ ಹಚ್ಚಿ ತಿಕ್ಕು."

"ಆಯಿತವಾರ ಮಾವ ಬರ್ತಾರ, ಐದೇ ದಿನ ಉಳದಾವು. ಒಂದೇ ಸಲ ಅರ್ಧ ಸೀಸೆ ಸುರುವಿದ್ರ ಆಗಂಗಿಲ್ಲೇನು?"

"ಐದು ದಿನದ ರೊಟ್ಟಿ ಒಂದೇ ದಿನ ತಿಂತೀಯೇನು ನೀನು?" ಎಂದವಳು ನನ್ನ ಬಿರಿದ ಹಿಮ್ಮಡಿ ನೋಡಿ ಸೇರಿಸಿದಳು, "ಉಳಿದಿದ್ದು ಅಲ್ಲಿ ಹಚ್ಚು. ಅದೂ ತೊಗಲೇ ಐತಿ."

ಐದು ದಿನ ತಿಕ್ಕಿದೆ. ಮೂರನೇ ದಿನದವರೆಗೆ ಕಟ್ಟಿಗೆ ಕಟ್ಟಿಗೆಯೇ. ನಾಲ್ಕನೇ ದಿನ ಬಾರು ಬೆರಳಿಗೆ ಬಗ್ಗಿತು. ಆಯಿತವಾರ ಮಾವ ಬಂದವರು ನಮಸ್ಕಾರಕ್ಕೂ ಮೊದಲು ಬಾಗಿಲಲ್ಲಿ ಕುಕ್ಕರಗಾಲಲ್ಲಿ ಕೂತು, ಚಪ್ಪಲಿ ಎತ್ತಿ, ಮಡಿಸಿ, ಬಿಟ್ಟರು. ಅದು ಮೆಲ್ಲಗೆ ತನ್ನ ಆಕಾರಕ್ಕೆ ಮರಳಿತು.

"ಭೇಷ್! ಕೊಟ್ಟಾಗಿನಕಿಂತ ಮೆತ್ತಗ ಅದಾವು."

ಒಳಗೆ ಮಹಾದೇವಿ ಉಸಿರು ಬಿಟ್ಟದ್ದು ನನಗೆ ಹೊರಗೆ ಕೇಳಿಸಿತು. ನಾನಂತೂ ಎರಡು ರೊಟ್ಟಿ ಹೆಚ್ಚಿಗೆ ತಿಂದೆ.

ಹೊರಡುವಾಗ ಮಾವ ತಮ್ಮ ಚಪ್ಪಲಿ ಬಿಟ್ಟು ನನ್ನ ರಬ್ಬರಿನವನ್ನು ಮೆಟ್ಟಿಕೊಂಡರು. "ನನ್ನವೂ ನಿಮ್ಮ ಕೈಯಾಗಿರ್ಲಿ ಅಳಿಯಂದಿರ. ಇಷ್ಟು ಚಂದ ನೋಡ್ಕೊಳ್ಳಾವ್ರು ಯಾರದಾರ?" ಎಂದು ಬಸ್ಸು ಹತ್ತಿಯೇ ಬಿಟ್ಟರು.

ಈಗ ದಿನಾ ಬೆಳಿಗ್ಗೆ ನಾಲ್ಕು ಚಪ್ಪಲಿಗೆ ಎಣ್ಣೆ ತಿಕ್ಕುತ್ತೇನೆ. ಹಿಮ್ಮಡಿಯ ಸರದಿ ಇನ್ನೂ ಬಂದಿಲ್ಲ.